ಉರಿಯುವ ತಲೆ, ತೆಳುವಾಗುವ ಕೂದಲು: ಮನೆಯಲ್ಲೇ ಮಾಡಬಹುದಾದ ಆರೈಕೆ

ತಲೆಯ ಚರ್ಮದ ಉರಿಯೂತ ಮತ್ತು ಕೂದಲು ತೆಳುವಾಗುವುದು ಬೇರೆ ಬೇರೆ ತೊಂದರೆಗಳಾದರೂ ಬಹಳ ಸಲ ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ. ತುರಿಕೆ, ಉರಿ, ಚರ್ಮ ಕೆಂಪಾಗುವುದು, ಹೊಟ್ಟು ಏಳುವುದು, ಸಣ್ಣ ಗುಳ್ಳೆಗಳು ಉರಿಯೂತದ ಗುರುತುಗಳು. ಬೈತಲೆ ಅಗಲವಾಗುವುದು, ಜಡೆ ಸಣಕಲಾಗುವುದು, ಹಣೆಯ ಇಕ್ಕೆಲಗಳಲ್ಲಿ ಕೂದಲು ಹಿಂದೆ ಸರಿಯುವುದು ತೆಳುವಾಗುತ್ತಿರುವುದರ ಗುರುತುಗಳು. ಉರಿಯೂತ ಇರುವ ಚರ್ಮದಲ್ಲಿ ಕೂದಲ ಬುಡ ಬಲಹೀನವಾಗುತ್ತದೆ. ತುರಿಸಿಕೊಂಡಾಗ ಎಳೆಗಳು ತುಂಡಾಗುತ್ತವೆ. ಆದ್ದರಿಂದ ಆರೈಕೆಗೆ ಒಂದು ಕ್ರಮವಿದೆ. ಮೊದಲು ಚರ್ಮದ ಉರಿ ತಣಿಯಬೇಕು, ಆಮೇಲೆ ಕೂದಲು ಉದುರುತ್ತಿರುವ ಕಾರಣಕ್ಕೆ ಕೈಹಾಕಬೇಕು. ಉರಿಯುತ್ತಿರುವ ತಲೆಗೆ ಕೂದಲು ಬೆಳೆಯಲೆಂದು ಎಣ್ಣೆಯ ಮೇಲೆ ಎಣ್ಣೆ ಹಚ್ಚಿದರೆ ಎರಡೂ ತೊಂದರೆ ಹೆಚ್ಚುವುದುಂಟು.

ಕೂದಲು ಬೆಳೆಯುವ, ಉದುರುವ ಬಗೆ

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಕೊನೆಗೆ ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಆರೋಗ್ಯವಂತರಲ್ಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್ ಮಾತ್ರ. ಹಾಗಾಗಿ ಒಂದು ವಾರದಲ್ಲಿ ದಟ್ಟ ಕೂದಲು ಬರಿಸುತ್ತೇವೆಂಬ ಯಾವ ಮಾತನ್ನೂ ನಂಬಬೇಕಿಲ್ಲ.

ಬಾಚಣಿಗೆಗೆ ಬಂದ ಕೂದಲನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಸುಳಿವು ಸಿಗುತ್ತದೆ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕ ಬಿಳಿ ಗಂಟು ಇದ್ದರೆ ಅದು ಬುಡಸಮೇತ ಉದುರಿದ ಕೂದಲು. ಗಂಟಿಲ್ಲದೆ ಎಳೆ ಗಿಡ್ಡವಾಗಿದ್ದರೆ ಅದು ನಡುವೆ ತುಂಡಾದದ್ದು. ತುಂಡಾಗುವ ಕೂದಲಿಗೆ ಬಾಚುವ, ತೊಳೆಯುವ, ಒಣಗಿಸುವ ರೀತಿಯನ್ನು ತಿದ್ದಿಕೊಂಡರೆ ಬಹಳಷ್ಟು ಸರಿಹೋಗುತ್ತದೆ. ಬುಡಸಮೇತ ಉದುರುತ್ತಿದ್ದರೆ ಕಾರಣವನ್ನು ಚರ್ಮದಲ್ಲಿ ಅಥವಾ ದೇಹದೊಳಗೆ ಹುಡುಕಬೇಕು.

ಡೆಂಗಿ, ಟೈಫಾಯಿಡ್‌ನಂಥ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಅವಸರದ ಪಥ್ಯ, ತೀವ್ರ ಮನೋವೇದನೆ ಇವುಗಳಾದ ಎರಡು ಮೂರು ತಿಂಗಳ ಮೇಲೆ ಕೂದಲು ಕೈಗೆ ಹಿಡಿಹಿಡಿಯಾಗಿ ಬರತೊಡಗುತ್ತದೆ. ಜ್ವರ ಮರೆತುಹೋಗಿರುವುದರಿಂದ ನೀರಿನ ಮೇಲೋ ಹೊಸ ಶಾಂಪೂ ಮೇಲೋ ಸಂಶಯ ಹೋಗುವುದೇ ಹೆಚ್ಚು. ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗಿ ಕಡಿಮೆಯಾಗುತ್ತದೆ. ಬಾಣಂತಿಯರಲ್ಲಿ ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೆ ಕೂದಲು ಬಹುತೇಕ ಮೊದಲಿನಂತಾಗುತ್ತದೆ. ವಂಶಪಾರಂಪರ್ಯವಾಗಿ ಬರುವ ತೆಳುವಾಗುವಿಕೆ ಹೀಗಲ್ಲ. ಅದು ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ಗಂಡಸರಲ್ಲಿ ಹಣೆಯ ಇಕ್ಕೆಲ ಮತ್ತು ನೆತ್ತಿ, ಹೆಂಗಸರಲ್ಲಿ ಬೈತಲೆಯ ಸುತ್ತ ಅದರ ಜಾಗ. ಹಾರ್ಮೋನಿನ ಪ್ರಭಾವದಿಂದ ಅಲ್ಲಿ ಪ್ರತಿ ಹೊಸ ಕೂದಲೂ ಹಿಂದಿನದಕ್ಕಿಂತ ಸಣ್ಣದಾಗಿ ಹುಟ್ಟುತ್ತದೆ.

ಉರಿಯ ಕಾರಣ ಗುರುತಿಸುವುದು

ತಲೆಯ ಉರಿಯೂತದಲ್ಲಿ ಅತಿ ಸಾಮಾನ್ಯವಾದದ್ದು ಜಿಡ್ಡುಹೊಟ್ಟು, ವೈದ್ಯರ ಮಾತಿನಲ್ಲಿ ಸೆಬೊರಿಕ್ ಡರ್ಮಟೈಟಿಸ್. ಚರ್ಮದ ಮೇಲೆ ಸಹಜವಾಗಿಯೇ ವಾಸಿಸುವ ಮಲಸೀಜಿಯ ಎಂಬ ಶಿಲೀಂಧ್ರ ತಲೆಯ ಜಿಡ್ಡನ್ನು ತಿಂದು ಬದುಕುತ್ತದೆ. ಆ ಜಿಡ್ಡು ಒಡೆದಾಗ ಹುಟ್ಟುವ ಓಲಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಹಳದಿ ಛಾಯೆಯ ಅಂಟು ಹೊಟ್ಟು, ತುರಿಕೆ, ಕೆಲವೊಮ್ಮೆ ಹುಬ್ಬು ಮತ್ತು ಮೂಗಿನ ಪಕ್ಕದಲ್ಲೂ ಕೆಂಪು ಸಿಪ್ಪೆ ಇದರ ಲಕ್ಷಣ.

ಬೆಳ್ಳಿಯಂತೆ ಹೊಳೆಯುವ ದಪ್ಪ ಪದರ ಕೂದಲಿನ ಗಡಿ ದಾಟಿ ಹಣೆ, ಕಿವಿಯ ಹಿಂಭಾಗಕ್ಕೂ ಬಂದಿದ್ದರೆ ಅದು ಸೋರಿಯಾಸಿಸ್ ಇರಬಹುದು. ಕೂದಲ ಬುಡದಲ್ಲಿ ಕೀವಿನ ಸಣ್ಣ ಗುಳ್ಳೆಗಳೆದ್ದರೆ ಬುಡದ ಸೋಂಕು. ಬೆವರಿನಲ್ಲಿ ಗಂಟೆಗಟ್ಟಲೆ ಹೆಲ್ಮೆಟ್ ಹಾಕುವವರಲ್ಲಿ ಇದು ಕಾಣಿಸುತ್ತದೆ. ಹೊಸ ಬಣ್ಣ, ಎಣ್ಣೆ ಅಥವಾ ಶಾಂಪೂ ಹಚ್ಚಿದ ಒಂದೆರಡು ದಿನಕ್ಕೆ ತುರಿಕೆ, ಊತ ಶುರುವಾದರೆ ಅಲರ್ಜಿ. ತಲೆಗೆ ಹಚ್ಚುವ ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಇದಕ್ಕೆ ಮುಖ್ಯ ಕಾರಣ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲೂ ಇದು ಇರುತ್ತದೆ. ಅಪ್ಪಟ ಮದರಂಗಿ ಕೂದಲನ್ನು ಕಪ್ಪು ಮಾಡುವುದಿಲ್ಲ, ಕೆಂಗಂದು ಮಾಡುತ್ತದೆ. ಶಾಲೆಗೆ ಹೋಗುವ ಮಕ್ಕಳು ಕುತ್ತಿಗೆಯ ಹಿಂಭಾಗ ಮತ್ತು ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದರೆ ಮೊದಲು ಹೇನು, ಸೀರು ಇವೆಯೇ ಎಂದು ನೋಡಬೇಕು.

ತೊಳೆಯುವುದೇ ಮೊದಲ ಮದ್ದು

ಕೂದಲು ಉದುರುತ್ತಿದೆ ಎಂದು ಹೆದರಿ ತಲೆಸ್ನಾನವನ್ನೇ ಕಡಿಮೆ ಮಾಡುವುದು ಸಾಮಾನ್ಯ ತಪ್ಪು. ಸ್ನಾನದಲ್ಲಿ ಬರುವ ಕೂದಲು ಅದಾಗಲೇ ಉದುರಲು ಸಿದ್ಧವಾಗಿದ್ದ ಕೂದಲು. ವಾರಗಟ್ಟಲೆ ತೊಳೆಯದಿದ್ದರೆ ಜಿಡ್ಡು, ಬೆವರು, ಹೊಟ್ಟು ಸೇರಿ ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಜಿಡ್ಡಿನ ತಲೆಯವರು ವಾರಕ್ಕೆ ಮೂರು ಸಲವಾದರೂ, ಒಣ ಚರ್ಮದವರು ಒಂದೆರಡು ಸಲ ಸೌಮ್ಯ ಶಾಂಪೂವಿನಿಂದ ತೊಳೆಯುವುದು ಒಳ್ಳೆಯದು. ನೀರು ಉಗುರುಬೆಚ್ಚಗಿರಬೇಕು. ಹಂಡೆಯ ಸುಡುನೀರು ಹಿತವೆನಿಸಿದರೂ ಉರಿಯುವ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಉಗುರಿನಿಂದ ಕೆರೆಯದೆ ಬೆರಳ ತುದಿಯಿಂದ ಉಜ್ಜಬೇಕು. ಮೈಸೋಪಿನಿಂದ ತಲೆ ತೊಳೆಯಬಾರದು. ಅದು ಕ್ಷಾರೀಯ, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕೂದಲ ಮೇಲೆ ಬಿಳಿ ಕಿಟ್ಟ ಕೂರಿಸುತ್ತದೆ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಕೂದಲು ಉದುರಲು ನೀರೇ ಕಾರಣವೆಂಬ ನಂಬಿಕೆ ಬಲವಾಗಿದೆ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕು ಹೆಚ್ಚಿಸುತ್ತದೆ, ಅದರಿಂದ ಎಳೆಗಳು ತುಂಡಾಗುತ್ತವೆ. ಆದರೆ ಬುಡದಿಂದ ಕೂದಲು ಉದುರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೊನೆಯ ಒಂದೆರಡು ಚೊಂಬು ಮಳೆನೀರು ಅಥವಾ ಶುದ್ಧೀಕರಿಸಿದ ನೀರು ಹಾಕಿಕೊಂಡರೆ ಒರಟುತನ ತಗ್ಗುತ್ತದೆ.

ಸೀಗೆಕಾಯಿ, ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆಕಾರಕ ಪದಾರ್ಥಗಳಿವೆ. ಅವು ಜಿಡ್ಡನ್ನು ತೊಳೆಯುತ್ತವೆ. ಆರೋಗ್ಯವಾಗಿರುವ ತಲೆಗೆ ಇವು ಒಗ್ಗುತ್ತವೆ. ಚರ್ಮ ಬಿರಿದು ಉರಿಯುತ್ತಿರುವಾಗ ಮಾತ್ರ ತರಿತರಿಯಾದ ಪುಡಿ ಗೀರು ಎಬ್ಬಿಸುತ್ತದೆ. ಸೀಗೆಕಾಯಿಯನ್ನು ರಾತ್ರಿ ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಬಳಸಿದರೆ ಈ ತೊಂದರೆ ಇರುವುದಿಲ್ಲ. ಕಣ್ಣಿಗೆ ಬೀಳದಂತೆ ಎಚ್ಚರ ಬೇಕು.

ಎಣ್ಣೆ ಯಾರಿಗೆ, ಎಷ್ಟು

ಎಣ್ಣೆಸ್ನಾನ ಕನ್ನಡದ ಮನೆಗಳಲ್ಲಿ ಹಳೆಯ, ಪ್ರೀತಿಯ ಪದ್ಧತಿ. ಅದರಿಂದ ಕೂದಲ ಎಳೆಗೆ ಲಾಭವಿರುವುದು ನಿಜ. ಖನಿಜ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಗಳೊಂದಿಗೆ ಹೋಲಿಸಿದ 2003ರ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿತು. ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿಯಬಲ್ಲದು. ಆದರೆ ಈ ಲಾಭ ಎಳೆಗೆ ಸೇರಿದ್ದು, ಉರಿಯುತ್ತಿರುವ ಚರ್ಮಕ್ಕಲ್ಲ. ಮಲಸೀಜಿಯ ಶಿಲೀಂಧ್ರ ತನಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. ಹೊರಗಿನಿಂದ ಸಿಗುವ ಕೊಬ್ಬನ್ನೇ ನೆಚ್ಚಿಕೊಂಡಿದೆ. ಜಿಡ್ಡುಹೊಟ್ಟು ಇರುವವರು ರಾತ್ರಿಯಿಡೀ ಎಣ್ಣೆ ಹಚ್ಚಿಕೊಂಡು ಮಲಗಿದರೆ ಅದಕ್ಕೆ ಉಣಬಡಿಸಿದಂತಾಗುತ್ತದೆ. ಓಲಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆ ಇಂಥವರಿಗೆ ವಿಶೇಷವಾಗಿ ಒಗ್ಗುವುದಿಲ್ಲ.

ಆದ್ದರಿಂದ ಉರಿ, ಅಂಟು ಹೊಟ್ಟು ಇರುವವರೆಗೆ ಚರ್ಮಕ್ಕೆ ಎಣ್ಣೆ ನಿಲ್ಲಿಸುವುದು ಲೇಸು. ಕೂದಲು ಒಣಗಿದ್ದರೆ ನಡುವಿನಿಂದ ತುದಿಯವರೆಗೆ ಮಾತ್ರ ತೆಳ್ಳಗೆ ಹಚ್ಚಿ, ಅರ್ಧದಿಂದ ಒಂದು ಗಂಟೆಯಲ್ಲಿ ತೊಳೆಯಬಹುದು. ಸೋರಿಯಾಸಿಸ್‌ನ ದಪ್ಪ ಪದರ ಮೆತ್ತಗಾಗಲು ಎಣ್ಣೆ ನೆರವಾಗುತ್ತದೆ. ಅಲ್ಲಿಯೂ ಪದರವನ್ನು ಕಿತ್ತು ತೆಗೆಯಬಾರದು. ಹರಳೆಣ್ಣೆ ಅಂಟು ಹೆಚ್ಚು, ಕೂದಲು ಜಡೆಗಟ್ಟುವ ಸಂಭವವಿದೆ. ಬಳಸಲೇಬೇಕೆಂದರೆ ಕೊಬ್ಬರಿ ಎಣ್ಣೆಗೆ ಸ್ವಲ್ಪವೇ ಬೆರೆಸಬೇಕು.

ಉರಿ ತಣಿಸುವ ಮನೆಮದ್ದುಗಳು

ಲೋಳೆಸರ: ಉರಿಗೆ ಮೊದಲು ಪ್ರಯತ್ನಿಸಬಹುದಾದ ಗಿಡ ಇದು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಿಡ್ಡುಹೊಟ್ಟಿನ 44 ಮಂದಿಯಲ್ಲಿ ಲೋಳೆಸರದ ಲೇಪ ಪಡೆದವರ ತುರಿಕೆ, ಸಿಪ್ಪೆ ಉಳಿದವರಿಗಿಂತ ಚೆನ್ನಾಗಿ ತಗ್ಗಿತು. ಮನೆಯ ಗಿಡದಿಂದ ತೆಗೆಯುವಾಗ ಒಂದು ಹಂತ ಮರೆಯಬಾರದು. ಬಲಿತ ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ಕಡೆ ಕೆಳಗಾಗಿ ಲೋಟದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿದರೆ ಹಳದಿ ರಸ ಇಳಿಯುತ್ತದೆ. ಚರ್ಮವನ್ನು ಕೆರಳಿಸುವುದು ಈ ರಸವೇ. ಆಮೇಲೆ ಎಲೆ ತೊಳೆದು, ಅಂಚಿನ ಮುಳ್ಳು ಮತ್ತು ಹಸಿರು ಸಿಪ್ಪೆ ತೆಗೆದು, ಒಳಗಿನ ನೀರುನೀರಾದ ತಿರುಳನ್ನು ಮಾತ್ರ ಕಿವುಚಿ ಚರ್ಮಕ್ಕೆ ಹಚ್ಚಬೇಕು. ಅರ್ಧ ಗಂಟೆ ಬಿಟ್ಟು ತೊಳೆದರೆ ಸಾಕು. ವಾರಕ್ಕೆ ಮೂರು ಸಲ ಹಚ್ಚಬಹುದು.

ಜೇನುತುಪ್ಪ: ಜಿಡ್ಡುಹೊಟ್ಟಿನ 30 ಮಂದಿಯ ಮೇಲೆ ನಡೆದ 2001ರ ಅಧ್ಯಯನದಲ್ಲಿ ಒಂಬತ್ತು ಪಾಲು ಜೇನಿಗೆ ಒಂದು ಪಾಲು ಬಿಸಿನೀರು ಬೆರೆಸಿ, ದಿನ ಬಿಟ್ಟು ದಿನ ಮೆಲ್ಲಗೆ ಉಜ್ಜಿ, 3 ಗಂಟೆ ಬಿಟ್ಟು ತೊಳೆಯಲಾಯಿತು. ಒಂದು ವಾರದಲ್ಲಿ ತುರಿಕೆ ಮತ್ತು ಸಿಪ್ಪೆ ಇಳಿದವು. ಆಮೇಲೆ ವಾರಕ್ಕೊಮ್ಮೆ ಮುಂದುವರಿಸಿದವರಲ್ಲಿ ತೊಂದರೆ ಮರುಕಳಿಸಲಿಲ್ಲ. ಅಧ್ಯಯನ ಚಿಕ್ಕದಾದರೂ ಸುರಕ್ಷಿತ ವಿಧಾನ. ಅಂಟಿನ ಕಿರಿಕಿರಿಯೊಂದೇ ತೊಡಕು. ಜೇನಿನ ಅಲರ್ಜಿ ಇರುವವರು ಬಳಸಬಾರದು.

ಟೀ ಟ್ರೀ ಎಣ್ಣೆ: ಆಸ್ಟ್ರೇಲಿಯಾ ಮೂಲದ ಗಿಡವೊಂದರ ಎಲೆಯಿಂದ ಇಳಿಸುವ ಈ ಎಣ್ಣೆಗೆ ಶಿಲೀಂಧ್ರ ತಡೆಯುವ ಗುಣವಿದೆ. 2002ರಲ್ಲಿ ಪ್ರಕಟವಾದ, 126 ಮಂದಿಯ ಅಧ್ಯಯನದಲ್ಲಿ ಈ ಎಣ್ಣೆ ಶೇ 5ರಷ್ಟಿದ್ದ ಶಾಂಪೂವನ್ನು 4 ವಾರ ಬಳಸಿದವರ ಹೊಟ್ಟು ಶೇ 41ರಷ್ಟು ಕಡಿಮೆಯಾಯಿತು. ಎಣ್ಣೆಯಿಲ್ಲದ ಶಾಂಪೂ ಬಳಸಿದವರಲ್ಲಿ ಶೇ 11. ಒಂದು ಚಮಚ ಶಾಂಪೂವಿಗೆ ಎರಡು ಮೂರು ಹನಿಯಿಂದ ಶುರುಮಾಡಿ, ಒಗ್ಗಿದರೆ ಐದು ಹನಿಯವರೆಗೆ ಹಾಕಬಹುದು. ನೊರೆಯನ್ನು 3 ನಿಮಿಷ ಬಿಟ್ಟು ತೊಳೆಯಬೇಕು. ನೇರವಾಗಿ ಚರ್ಮಕ್ಕೆ ಹಚ್ಚಿದರೆ ಬೊಬ್ಬೆ ಏಳುವುದುಂಟು. ಹೊಟ್ಟೆಗೆ ಹೋದರೆ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಮೆಂತ್ಯ ಮತ್ತು ದಾಸವಾಳ: ನೆನೆದ ಮೆಂತ್ಯದ ಕಾಳಿನಲ್ಲಿಯೂ ಕಿವುಚಿದ ದಾಸವಾಳದ ಎಲೆಯಲ್ಲಿಯೂ ಲೋಳೆ ಇರುತ್ತದೆ. ಈ ಲೋಳೆ ಒಣಗಿದ ಚರ್ಮಕ್ಕೆ ತಂಪು ಕೊಡುತ್ತದೆ, ಕೂದಲ ಸಿಕ್ಕು ಬಿಡಿಸುತ್ತದೆ. ಕೂದಲು ಬೆಳೆಸುತ್ತದೆ ಎನ್ನುವುದಕ್ಕೆ ಮನುಷ್ಯರಲ್ಲಿ ಸಾಕಷ್ಟು ಪುರಾವೆ ಇಲ್ಲ. ಎರಡು ಚಮಚ ಮೆಂತ್ಯವನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಡದೆ ತೊಳೆಯಬೇಕು. ಒಣಗಿ ಗಟ್ಟಿಯಾದರೆ ತೆಗೆಯುವಾಗ ಕೂದಲೇ ಕಿತ್ತುಬರುತ್ತದೆ. ಕಡಲೆ, ಶೇಂಗಾ ಅಲರ್ಜಿ ಇರುವ ಕೆಲವರಿಗೆ ಮೆಂತ್ಯವೂ ಒಗ್ಗುವುದಿಲ್ಲ.

ಬೇವು: ಬೇವಿನ ಎಲೆಯ ಸೋಂಕುನಿವಾರಕ ಗುಣ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಎಲೆ ಕುದಿಸಿ ಆರಿಸಿದ ನೀರನ್ನು ಕೊನೆಯ ತೊಳೆತಕ್ಕೆ ಬಳಸಬಹುದು. ಬೇವಿನೆಣ್ಣೆ ಎಳೆಯ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯಕಾರಿ.

ಯಾವುದನ್ನೇ ಹಚ್ಚುವ ಮೊದಲು ಮೊಣಕೈಯ ಒಳಭಾಗದಲ್ಲಿ ಒಂದು ಚುಕ್ಕೆಯಷ್ಟು ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು ಕಾಣದಿದ್ದರೆ ಮಾತ್ರ ತಲೆಗೆ ಹಚ್ಚಬೇಕು. ಒಂದು ಸಲಕ್ಕೆ ಒಂದೇ ಮದ್ದು ಇರಲಿ. ನಾಲ್ಕನ್ನು ಒಟ್ಟಿಗೆ ಬೆರೆಸಿದರೆ ಯಾವುದು ಒಗ್ಗಿತು, ಯಾವುದು ಕೆರಳಿಸಿತು ಎಂದು ತಿಳಿಯುವುದಿಲ್ಲ.

ತೆಳುವಾದ ಕೂದಲಿಗೆ

ಚರ್ಮದ ಉರಿ ಇಳಿದ ಮೇಲೆ ಕೂದಲ ಸರದಿ. ರೋಸ್‌ಮೆರಿ ಎಣ್ಣೆಯ ಬಗ್ಗೆ ಇರಾನಿನಲ್ಲಿ 100 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವಿದೆ. ವಂಶಪಾರಂಪರ್ಯ ಕೂದಲುದುರುವಿಕೆಯಲ್ಲಿ ಈ ಎಣ್ಣೆ 6 ತಿಂಗಳ ಬಳಕೆಯ ನಂತರ, ಕೂದಲುದುರುವಿಕೆಗೆ ತಲೆಗೆ ಹಚ್ಚುವ ಔಷಧಿಯಾದ ಶೇ 2ರ ಮಿನಾಕ್ಸಿಡಿಲ್‌ನಷ್ಟೇ ಫಲ ಕೊಟ್ಟಿತು. 3 ತಿಂಗಳಲ್ಲಿ ಎರಡರಿಂದಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಗಂಡಸರಿಗೆ ಸಾಮಾನ್ಯವಾಗಿ ಕೊಡುವ ಮಿನಾಕ್ಸಿಡಿಲ್ ಶೇ 5ರದ್ದು ಎಂಬುದನ್ನೂ ನೆನಪಿಡಬೇಕು. 15 ಮಿಲಿಲೀಟರ್, ಅಂದರೆ ಮೂರು ಚಮಚ ಕೊಬ್ಬರಿ ಎಣ್ಣೆಗೆ ಐದಾರು ಹನಿ ಬೆರೆಸಿ ಹಚ್ಚಿ, ಒಂದೆರಡು ಗಂಟೆಯಲ್ಲಿ ತೊಳೆಯಬಹುದು. ಗರ್ಭಿಣಿಯರು, ಮೂರ್ಛೆರೋಗ ಇರುವವರು ಬಳಸಬಾರದು.

ಮಸಾಜಿನಿಂದ ಖರ್ಚಿಲ್ಲ, ಅಪಾಯವೂ ಕಡಿಮೆ. ಜಪಾನಿನ 2016ರ ಸಣ್ಣ ಅಧ್ಯಯನವೊಂದರಲ್ಲಿ 9 ಗಂಡಸರು ದಿನಕ್ಕೆ 4 ನಿಮಿಷ, 24 ವಾರ ಮಸಾಜ್ ಮಾಡಿಸಿಕೊಂಡಾಗ ಕೂದಲ ಎಳೆ ಸ್ವಲ್ಪ ದಪ್ಪವಾಯಿತು. ಬೆರಳ ತುದಿಯನ್ನು ಚರ್ಮದ ಮೇಲೆ ಊರಿ, ಚರ್ಮವನ್ನೇ ಮೆಲ್ಲಗೆ ಅಲುಗಿಸಬೇಕು. ಕೂದಲನ್ನು ಉಜ್ಜಿದರೆ ಎಳೆ ತುಂಡಾಗುತ್ತದೆ.

ಕುಂಬಳಬೀಜದ ಎಣ್ಣೆ ದಿನಕ್ಕೆ 400 ಮಿಲಿಗ್ರಾಂನಂತೆ 24 ವಾರ ಸೇವಿಸಿದ ಕೊರಿಯಾದ ಗಂಡಸರಲ್ಲಿ ಕೂದಲ ಸಂಖ್ಯೆ ಶೇ 40ರಷ್ಟು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ 10ರಷ್ಟು ಹೆಚ್ಚಿದ್ದನ್ನು 2014ರ ಅಧ್ಯಯನ ದಾಖಲಿಸಿದೆ. ಆ ಮಾತ್ರೆಯಲ್ಲಿ ಬೇರೆ ಪದಾರ್ಥಗಳೂ ಇದ್ದುದರಿಂದ ಪೂರ್ತಿ ಶ್ರೇಯಸ್ಸು ಕುಂಬಳಬೀಜದ್ದೇ ಎನ್ನಲಾಗದು.

ಈರುಳ್ಳಿ ರಸದ ಕೀರ್ತಿಗೆ ಮೂಲ 2002ರಲ್ಲಿ ಬಂದ ಬಾಗ್ದಾದಿನ ಅಧ್ಯಯನ. ಅಲ್ಲಿ ರಸ ಹಚ್ಚಿದ 23 ಮಂದಿಯಲ್ಲಿ 20 ಮಂದಿಗೆ ಕೂದಲು ಮರಳಿತು. ಆದರೆ ಅವರದ್ದು ದುಂಡಗೆ ಬೋಳಾಗುವ ಅಲೋಪೀಶಿಯ ಏರಿಯೇಟ. ಅದು ಬಹಳ ಸಲ ತಾನಾಗಿಯೇ ವಾಸಿಯಾಗುವ ರೋಗ. ಸಾಮಾನ್ಯ ತೆಳುವಾಗುವಿಕೆಗೆ ಈ ಫಲ ಅನ್ವಯಿಸುವುದಿಲ್ಲ. ಉರಿಯುವ ಚರ್ಮಕ್ಕೆ ಈರುಳ್ಳಿ ರಸ ಹಚ್ಚಲೇಬಾರದು. ಗರುಗದ ಸೊಪ್ಪು, ಅಂದರೆ ಭೃಂಗರಾಜ, ಆಯುರ್ವೇದದಲ್ಲಿ ಕೂದಲಿಗೆ ಹೆಸರಾದದ್ದು. ಇಲಿಗಳಲ್ಲಿ ಫಲ ಕಂಡಿದೆ, ಮನುಷ್ಯರಲ್ಲಿ ದೊಡ್ಡ ಅಧ್ಯಯನಗಳು ಆಗಬೇಕಿವೆ.

ಬಿಗಿಯಾಗಿ ಎಳೆದು ಕಟ್ಟುವ ಜುಟ್ಟು, ಬಿಗಿ ಜಡೆ ದಿನವೂ ಮುಂದುವರಿದರೆ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗಬಹುದು. ಸಡಿಲ ಜಡೆ, ಅಗಲ ಹಲ್ಲಿನ ಬಾಚಣಿಗೆ, ಒದ್ದೆ ತಲೆಯನ್ನು ಟವೆಲಿನಲ್ಲಿ ಒತ್ತಿ ಒರೆಸುವುದು, ಇವಿಷ್ಟೇ ತುಂಡಾಗುವುದನ್ನು ಗಣನೀಯವಾಗಿ ತಡೆಯುತ್ತವೆ.

ತಟ್ಟೆಯಲ್ಲಿ ಇರಬೇಕಾದದ್ದು

ಕೂದಲು ಬಹುಪಾಲು ಕೆರಟಿನ್ ಎಂಬ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ತಿಳಿಸಾರು ಅನ್ನದಿಂದ ಇಷ್ಟು ಒದಗುವುದಿಲ್ಲ. ಹುರುಳಿ, ಹೆಸರು, ಕಡಲೆ, ಶೇಂಗಾ, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಒಂದೆರಡು ದಿನವೂ ಇರಬೇಕು.

ಹೆಂಗಸರಲ್ಲಿ ಕೂದಲು ತೆಳುವಾಗಲು ಕಬ್ಬಿಣದ ಕೊರತೆ ದೊಡ್ಡ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ದಂಟಿನ ಸೊಪ್ಪು, ಹುರುಳಿಕಾಳು, ಎಳ್ಳು ಮುಂತಾದವುಗಳ ಕಬ್ಬಿಣ ದೇಹಕ್ಕೆ ಹತ್ತಬೇಕಾದರೆ ಜೊತೆಗೆ ನಿಂಬೆಹುಳಿ ಅಥವಾ ನೆಲ್ಲಿಕಾಯಿ ಬೇಕು. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದನ್ನು ತಡೆಯುತ್ತವೆ. ಒಂದು ಗಂಟೆ ಅಂತರವಿರಲಿ.

ಬಯೋಟಿನ್ ಮಾತ್ರೆ ಕೊರತೆ ಇರುವವರಿಗೆ ಮಾತ್ರ ಉಪಯೋಗ. ಹೆಚ್ಚಾಗಿ ತೆಗೆದುಕೊಂಡರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವೇ ಏರುಪೇರಾಗುತ್ತದೆ. ವಿಟಮಿನ್ ಎ ಮತ್ತು ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ. ಹಿಮೊಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ ಕೊರತೆ ಕಂಡದ್ದನ್ನಷ್ಟೇ ತುಂಬಿಕೊಳ್ಳುವುದು ಸರಿಯಾದ ದಾರಿ.

ತಲೆಗೆ ಹಚ್ಚಬಾರದವು

ನಿಂಬೆರಸ ನೇರವಾಗಿ ಹಚ್ಚಿದರೆ ಉರಿ ಹೆಚ್ಚುತ್ತದೆ; ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುವುದುಂಟು. ಅಡುಗೆಸೋಡ ಕ್ಷಾರೀಯ, ತಲೆಯ ಚರ್ಮ ತುಸು ಆಮ್ಲೀಯ. ಸೋಡ ಹಾಕಿ ತೊಳೆದರೆ ಚರ್ಮದ ರಕ್ಷಣಾ ಪದರ ಕೆಡುತ್ತದೆ. ಬೆಳ್ಳುಳ್ಳಿ ಬೊಬ್ಬೆ ಎಬ್ಬಿಸುತ್ತದೆ. ಕರ್ಪೂರ ಬೆರೆಸಿದ ಎಣ್ಣೆ ತಂಪೆನಿಸಿದರೂ ಬಿರಿದ ಚರ್ಮಕ್ಕೂ ಎಳೆಯ ಮಕ್ಕಳಿಗೂ ಸಲ್ಲದು. ಹುಳಿಮೊಸರು ಬಿರುಕಿಲ್ಲದ ಚರ್ಮಕ್ಕೆ ಅಡ್ಡಿಯಿಲ್ಲ, ಬಿರುಕಿದ್ದರೆ ಉರಿಸುತ್ತದೆ.

ವೈದ್ಯರ ಬಳಿ ಹೋಗಬೇಕಾದಾಗ

ದುಂಡಗೆ ನುಣ್ಣಗಾದ ಬೋಳು ಮಚ್ಚೆಯನ್ನು ಹುಳ ತಿಂದದ್ದು ಎನ್ನುವ ಮಾತು ಹಳ್ಳಿಗಳಲ್ಲಿದೆ. ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಎರಗುವ ರೋಗ, ಚಿಕಿತ್ಸೆಯಿದೆ. ಮಕ್ಕಳ ತಲೆಯಲ್ಲಿ ಸಿಪ್ಪೆ ಎದ್ದು, ಕೂದಲು ತುಂಡಾಗಿ ಮಚ್ಚೆ ಮೂಡಿದರೆ ಅದು ಹುಳುಕಡ್ಡಿ ಆಗಿರಬಹುದು. ಲೇಪದಿಂದ ಅದು ಹೋಗುವುದಿಲ್ಲ, ವೈದ್ಯರು ಕೊಡುವ ಮಾತ್ರೆ ಬೇಕು. ಬೋಳಾದ ಜಾಗ ನುಣುಪಾಗಿ ಹೊಳೆಯುತ್ತಾ ಕೂದಲ ರಂಧ್ರಗಳೇ ಕಾಣದಿದ್ದರೆ, ಅಥವಾ ನೋವು, ಕೀವು, ಜ್ವರ, ಕುತ್ತಿಗೆಯಲ್ಲಿ ಗಂಟು ಇದ್ದರೆ ತಡಮಾಡಬಾರದು. ಕಲೆಗಟ್ಟಿ ಮುಚ್ಚಿಹೋದ ಬುಡದಿಂದ ಕೂದಲು ಮತ್ತೆ ಹುಟ್ಟುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಮುಖ, ಕಣ್ಣು ಊದಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೆಂಗಸರಲ್ಲಿ ಕೂದಲು ತೆಳುವಾಗುವುದರ ಜೊತೆಗೆ ಮುಟ್ಟು ಏರುಪೇರಾಗುವುದು, ಗಲ್ಲದ ಮೇಲೆ ಕೂದಲು ಬರುವುದು ಕಂಡರೆ ಹಾರ್ಮೋನ್ ತಪಾಸಣೆ ಬೇಕು.

ಎಷ್ಟು ಕಾಲ ಕಾಯಬೇಕು

ಮೊದಲ 4 ವಾರ ಚರ್ಮಕ್ಕೆ ಮೀಸಲು. ಕ್ರಮವಾಗಿ ತೊಳೆಯುವುದು, ಎಣ್ಣೆ ಮತ್ತು ಬಣ್ಣಕ್ಕೆ ವಿರಾಮ, ಜೊತೆಗೆ ಲೋಳೆಸರ, ಜೇನು, ಟೀ ಟ್ರೀ ಮೂರರಲ್ಲಿ ಒಂದು. ಇಷ್ಟರಲ್ಲಿ ತುರಿಕೆ ತಗ್ಗದಿದ್ದರೆ ಮನೆಮದ್ದನ್ನು ಲಂಬಿಸದೆ ಕೀಟೊಕೊನಜೋಲ್‌ನಂಥ ಔಷಧಿ ಶಾಂಪೂ ಬಗ್ಗೆ ಚರ್ಮವೈದ್ಯರನ್ನು ಕೇಳಬೇಕು. ಜಿಡ್ಡುಹೊಟ್ಟು ಮರುಕಳಿಸುವ ಸ್ವಭಾವದ್ದು. ವಾಸಿಯಾದ ಮೇಲೂ ವಾರಕ್ಕೊಂದು ಸಲದ ಆರೈಕೆ ಉಳಿಸಿಕೊಳ್ಳುವುದು ಜಾಣತನ. ಕೂದಲಿನ ಫಲ ನೋಡಲು 6 ತಿಂಗಳು ಬೇಕು. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ಕಡೆ ಬೈತಲೆ ತೆಗೆದು ಫೋಟೊ ತೆಗೆದಿಟ್ಟರೆ ಬದಲಾವಣೆ ಸ್ಪಷ್ಟವಾಗುತ್ತದೆ. ಜ್ವರ, ಹೆರಿಗೆ, ಪೋಷಣೆಯ ಕೊರತೆಯಿಂದ ಉದುರಿದ ಕೂದಲು ಮರಳುತ್ತದೆ. ವಂಶಪಾರಂಪರ್ಯದ್ದಾದರೆ ಮನೆಮದ್ದಿನಿಂದ ವೇಗ ತಗ್ಗಬಹುದಷ್ಟೇ; ಮಿನಾಕ್ಸಿಡಿಲ್‌ನಂಥ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಹೆಚ್ಚು ಕೂದಲು ಉಳಿಯುತ್ತದೆ.